ಮೊದಲ ಲೋಟ

ಪಂಪ್‌ಹೌಸಿನ ಬಾಗಿಲು ತೆಗೆದರೆ ಎಡಗಡೆಯ ಗೋಡೆಯಲ್ಲಿ ಒಂದು ಮರದ ಗೂಟ. ಗೂಟದ ಮೇಲೆ ಬೋರಲು ಹಾಕಿದ ಒಂದು ಹಿತ್ತಾಳೆಯ ಲೋಟ. ನಾನು ಆ ಊರಿನ ನೀರುಗಂಟಿಯಾಗಿದ್ದ ಇಪ್ಪತ್ತೆರಡು ವರ್ಷವೂ ಅದು ಅಲ್ಲೇ ಇತ್ತು. ಅದನ್ನು ಅಲ್ಲಿಟ್ಟವರು ನನಗೆ ಕೆಲಸ ಕಲಿಸಿದ ಚಿಕ್ಕೀರಯ್ಯ. ಬೆಳಿಗ್ಗೆ ನೆಲದೊಳಗಿನ ದೊಡ್ಡ ಸಂಪಿನ ನೀರಿಗೆ ಬ್ಲೀಚಿಂಗ್ ಪುಡಿ ಕಲಸಬೇಕು, ಒಂದು ಗಂಟೆ ಬಿಡಬೇಕು, ಆ ಲೋಟದಲ್ಲಿ ನೀರು ಹಿಡಿದು ತಾನು ಕುಡಿಯಬೇಕು, ಆಮೇಲೆಯೇ ಊರಿನ ನಲ್ಲಿಗಳಿಗೆ ವಾಲ್ವು ತಿರುಗಿಸಬೇಕು. ಇದು ಅವರು ಮಾಡಿದ ಕಟ್ಟಳೆ. ಯಾವ ಸರಕಾರಿ ಕಾಗದದಲ್ಲೂ ಅದು ಇರಲಿಲ್ಲ. "ಊರಿಗೆ ಕುಡಿಸೋನು ಮೊದಲು ತಾನು ಕುಡೀಬೇಕು ಕಣೋ. ನಿನ್ನ ಹೊಟ್ಟೆಗೆ ಬೇಡವಾದದ್ದು ಊರಿನ ಹೊಟ್ಟೆಗೂ ಬೇಡ" ಎಂದು ಅವರು ನನ್ನ ಕೈಗೆ ಲೋಟ ಕೊಟ್ಟಿದ್ದರು.

ನಾನು ಅನುಮಾನದ ಪ್ರಾಣಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುತ್ತಿದ್ದೆ, ನಗದಿದ್ದರೆ ಇನ್ನೂ ಹೆಚ್ಚು ಯೋಚಿಸುತ್ತಿದ್ದೆ. ನನ್ನ ಹೆಂಡತಿ ಸಾಕಮ್ಮ ಹೇಳುತ್ತಿದ್ದಳು: "ಹಾಲಿನವನು ಹಾಲಿಗೆ ನೀರು ಹಾಕದೆ ತಂದರೆ, ಇವತ್ತು ಯಾಕೆ ಹಾಕಿಲ್ಲ ಅಂತ ಕೇಳೋ ಗಂಡಸು ನೀವು." ಆ ಗುಣವನ್ನು ನಾನು ಒಂದು ಬುದ್ಧಿವಂತಿಕೆ ಎಂದೇ ತಿಳಿದುಕೊಂಡಿದ್ದೆ. ಅದು ಎಂಥ ಬುದ್ಧಿವಂತಿಕೆ ಎಂಬುದು ಆ ಬೇಸಗೆಯಲ್ಲಿ ಗೊತ್ತಾಯಿತು.

ಆ ಬೇಸಗೆ ಕೆಳಪೇಟೆಯಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಮೇಲುಪೇಟೆಯಲ್ಲಿ ಮನೆಗೊಂದು ಬಾವಿ. ಕೆಳಪೇಟೆಯಲ್ಲಿ ಮಸೀದಿಯ ಉಪ್ಪುನೀರಿನ ಬಾವಿ ಬಿಟ್ಟರೆ ಕುಡಿಯಲು ನಲ್ಲಿಯೊಂದೇ ಗತಿ. ಮೂವತ್ತೆಂಟು ಜನ ಹಾಸಿಗೆ ಹಿಡಿದರು. ಮೂವತ್ತೇಳು ಜನ ಎದ್ದರು. ಟೈಲರ್ ಜಬೀವುಲ್ಲಾನ ಮಗಳು ನಸೀಮಾ ಏಳಲಿಲ್ಲ. ಅವಳಿಗೆ ಏಳು ವರ್ಷ. ನೀರಿನಿಂದಲೇ ರೋಗ ಬಂತೆ ಎಂದು ಒಂದು ಪತ್ರಿಕೆ ಕೇಳಿತು, ಮತ್ತೆ ಕೇಳಿತು, ಮೂರನೆಯ ಸಲ ಕೇಳುವ ಹೊತ್ತಿಗೆ ಪುರಸಭೆಯ ಮುಖ್ಯಾಧಿಕಾರಿಗಳು ನನಗೆ ಹೇಳಿಕಳಿಸಿದರು.

"ಬನ್ನಿ, ಕೂತ್ಕೊಳ್ಳಿ" ಎಂದರು ಸಾಹೇಬರು.

ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯ ಕುರ್ಚಿಗೂ ನನಗೂ ಸಂಬಂಧವೇ ಇರಲಿಲ್ಲ. ಹಿಂದಿನ ವಾರದವರೆಗೆ ನಾನು ಅವರಿಗೆ 'ನೀನು' ಆಗಿದ್ದೆ. ಈಗ ಇದ್ದಕ್ಕಿದ್ದಂತೆ 'ನೀವು'. ಕಾಫಿಯೂ ಬಂತು. ಅತಿವಿನಯಂ ಧೂರ್ತಲಕ್ಷಣಂ ಎಂದುಕೊಂಡು ನಾನು ಕುರ್ಚಿಯ ಅಂಚಿನಲ್ಲಿ ಕೂತೆ, ಕಾಫಿ ಆರಿ ಕೆನೆ ಕಟ್ಟುವವರೆಗೂ ಮುಟ್ಟಲಿಲ್ಲ.

"ಪತ್ರಿಕೆಯವರು ಸಂದರ್ಶನಕ್ಕೆ ಬರ್ತಾರೆ. ನನ್ನ ಮಾತು ಬೇಡವಂತೆ, ಇಂಜಿನಿಯರ್ ಮಾತೂ ಬೇಡವಂತೆ. ನೀರು ಬಿಡೋರೇ ಮಾತಾಡಲಿ ಅಂತಾರೆ. ನೀವು ದಿನಾ ಮೊದಲು ಕುಡಿದು ಆಮೇಲೆ ನೀರು ಬಿಡ್ತೀರಂತಲ್ಲ? ಅಷ್ಟನ್ನೇ ಹೇಳಿ. ಅವರೆದುರಿಗೆ ಒಂದು ಲೋಟ ಕುಡಿದು ತೋರಿಸಿ. ಊರಿನ ಭಯ ಹೋಗುತ್ತೆ."

"ಹೇಳದಿದ್ರೆ, ಸ್ವಾಮಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹೇಳದಿದ್ರೆ ತನಿಖೆ ಅಂತಾಗುತ್ತೆ. ತನಿಖೆ ಅಂದಮೇಲೆ ಯಾರಾದ್ರೂ ಒಬ್ಬರು ಸಿಗಲೇಬೇಕಲ್ಲ? ಪುಡಿ ಹಾಕೋ ಕೈ ನಿಮ್ದು. ಕ್ವಾರ್ಟರ್ಸಲ್ಲಿ ಇರೋರೂ ನೀವೇ. ಯೋಚನೆ ಮಾಡಿ."

ಯೋಚಿಸಿದೆ. ಹೇಳಿದರೆ ಕೆಲಸ ಉಳಿಯುತ್ತದೆ, ಪಂಪ್‌ಹೌಸಿನ ಪಕ್ಕದ ಎರಡು ಕೋಣೆಯ ಮನೆ ಉಳಿಯುತ್ತದೆ. ಹೇಳದಿದ್ದರೆ ಎರಡೂ ಹೋಗುತ್ತವೆ, ಮೇಲಾಗಿ ಕೆಳಪೇಟೆಗೆ ವಿಷ ಕುಡಿಸಿದವನು ಎಂಬ ಹೆಸರು. ಇಷ್ಟು ಕಾಲ ಆ ಲೋಟದ ಸಂಗತಿ ಕೇಳಿ 'ಇವನೇನು ಅರಮನೆ ಅಡುಗೆಯವನೇ?' ಎಂದು ನಗುತ್ತಿದ್ದ ಕಚೇರಿಗೆ ಈಗ ಅದರ ಮೇಲೆ ಇಷ್ಟು ಪ್ರೀತಿ ಯಾಕೆ ಬಂತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆಗಲಿ ಎಂದು ಬಂದೆ.

ನನ್ನನ್ನು ತಯಾರು ಮಾಡುವ ಕೆಲಸ ಹೆಡ್‌ಗುಮಾಸ್ತ ಪಾಂಡುರಂಗಯ್ಯನವರಿಗೆ ಬಿತ್ತು. ಅವರು ಊರಿನ ನಾಟಕ ಮಂಡಳಿಗೂ ಮೇಷ್ಟ್ರು. ಹಾಳಾದ ಅರ್ಜಿ ಫಾರಮ್ಮುಗಳ ಹಿಂಬದಿಯಲ್ಲಿ ಹದಿನಾರು ಪ್ರಶ್ನೆ, ಹದಿನಾರು ಉತ್ತರ ಬರೆದುಕೊಂಡು ಕಚೇರಿ ಮುಗಿಸಿ ಸಂಜೆ ಪಂಪ್‌ಹೌಸಿಗೆ ಬಂದರು. ನನ್ನನ್ನು ಮೋಟಾರಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ತಾವು ಹೆಗಲ ಮೇಲಿನ ಶಲ್ಯವನ್ನು ಸೆರಗಿನ ಹಾಗೆ ಹೊದ್ದು, ದನಿ ಸಣ್ಣಗೆ ಮಾಡಿ, "ನಮಸ್ಕಾರ. ನಿಮ್ಮ ಊರಿನ ನೀರಿನ ಬಗ್ಗೆ ಏನು ಹೇಳುತ್ತೀರಿ?" ಎಂದು ಕೇಳಿದರು. ಬರುವವಳು ಒಬ್ಬ ವರದಿಗಾರ್ತಿಯೆಂದು ತಿಳಿದಿತ್ತು. ಅದಕ್ಕೇ ಆ ವೇಷ.

"ನಮ್ಮೂರ ನೀರು ತಾಯಿಯ ಹಾಲಿದ್ದಂತೆ" ಎಂದೆ.

"ಹಾಗಲ್ಲಯ್ಯಾ. 'ತಾಯಿಯ' ಅಂದಮೇಲೆ ಒಂದು ಚೂರು ನಿಲ್ಲು. ಕೈ ಎದೆಗೆ ತಗೋ. ಆಮೇಲೆ 'ಹಾಲು'. ನೀನು ಹಾಲಿನ ಲೆಕ್ಕ ಒಪ್ಪಿಸ್ತಿದ್ದೀಯ!"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಒಂಬತ್ತನೆಯ ಪ್ರಶ್ನೆಗೆ ಉತ್ತರ ಹೇಳುತ್ತ ಏಳಬೇಕು, ಗೂಟದಿಂದ ಲೋಟ ತೆಗೆಯಬೇಕು, ನಲ್ಲಿ ತಿರುಗಿಸಿ ನೀರು ಹಿಡಿಯಬೇಕು, ಕಣ್ಣು ಮುಚ್ಚಿ ಕುಡಿಯಬೇಕು. ಅಭ್ಯಾಸದಲ್ಲಿ ಬರಿಯ ಲೋಟವನ್ನೇ ಬಾಯಿಗೆ ಎತ್ತಿದರೆ ಸಾಕು ಎಂದರು. ಎರಡನೆಯ ಸಂಜೆ ನಾನು ಹಾಗೆ ಎತ್ತಿದಾಗ ಅವರು ಹತ್ತಿರ ಬಂದು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಇದೇನಯ್ಯಾ, ದಿನಾ ಕುಡಿಯೋ ಲೋಟದ ಬಾಯಿಗೆ ಕಿಲುಬು ಬಂದಿದೆ?"

ಹಸಿರು ಕಿಲುಬು, ತುಟಿ ತಾಗುವ ಕಡೆಯೇ. ನಾನು ನೋಡಿರಲಿಲ್ಲ. ನೋಡಿರಲಿಲ್ಲ ಎಂದರೆ ಸುಳ್ಳು, ನೋಡದ ಹಾಗೆ ಇದ್ದೆ. "ಈ ಕಡೆ ತೇವ ಜಾಸ್ತಿ, ಸ್ವಾಮಿ" ಎಂದು ಏನೋ ಒಂದು ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಬಾಯಿ ಒರೆಸಿಕೊಂಡಿತು. ಪಾಂಡುರಂಗಯ್ಯ ಅದನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. "ಹುಣಸೆಹುಳಿ ಹಾಕಿ ತಿಕ್ಕಿಸು. ಫೋಟೋದಲ್ಲಿ ಫಳಫಳ ಅನ್ನಬೇಕು" ಎಂದಷ್ಟೇ ಹೇಳಿ ಹೋದರು.

ಮರುದಿನ ಅವರ ಕಾಗದದಲ್ಲಿ ಪ್ರಶ್ನೆಗಳು ಹದಿನೇಳಾಗಿದ್ದವು. ಹತ್ತಕ್ಕೂ ಹಳೆಯ ಹನ್ನೊಂದಕ್ಕೂ ನಡುವೆ ಬೇರೆ ಶಾಯಿಯಲ್ಲಿ ಒಂದು ಸೇರಿತ್ತು. ಪಾಂಡುರಂಗಯ್ಯ ಈ ಸಲ ಶಲ್ಯ ಹೊದೆಯಲಿಲ್ಲ, ತಮ್ಮ ದನಿಯಲ್ಲೇ ಕೇಳಿದರು: "ಕೆಳಪೇಟೆಯಲ್ಲಿ ಕಾಮಾಲೆ ಬಂದ ದಿನಗಳಲ್ಲೂ ನೀವು ಕುಡಿದೇ ನೀರು ಬಿಟ್ಟಿರಾ?"

"ಇದಕ್ಕೆ ಉತ್ತರ ಬರೆದಿಲ್ಲವಲ್ಲ, ಸ್ವಾಮಿ?"

"ಹೌದು ಅಂತ ಒಂದು ಮಾತು. ಅದನ್ನ ಬೇರೆ ಬರೀಬೇಕಾ?"

ಹೌದು ಎಂದೆ. ಇನ್ನೊಂದು ಸಲ ಕೇಳಿದರು, ಹೌದು ಎಂದೆ. ಮೂರನೆಯ ಸಲವೂ ಕೇಳಿದರು. ಈ ಮನುಷ್ಯನಿಗೆ ಗೊತ್ತಾಗಿದೆ ಎಂದು ನನಗೆ ಅನ್ನಿಸಿತು. ಸಾಹೇಬರೇ ನನ್ನ ಬಾಯಿ ಬಿಡಿಸಲು ಇವರನ್ನು ಬಿಟ್ಟಿದ್ದಾರೆ, ನಾಳೆ ಕುತ್ತಿಗೆ ಬಿಗಿಯುವುದಕ್ಕೆ ಇದೊಂದು ಹಗ್ಗ ಎಂದೂ ಅನ್ನಿಸಿತು. ಅಂದಿನಿಂದ ಪಾಂಡುರಂಗಯ್ಯ ಕೆಮ್ಮಿದರೂ ನಾನು ಅದಕ್ಕೊಂದು ಅರ್ಥ ಹುಡುಕತೊಡಗಿದೆ.

ಸಂದರ್ಶನಕ್ಕೆ ಹೊಸ ಅಂಗಿ ಬೇಕು ಎಂದಿದ್ದರು. ಊರಿನಲ್ಲಿ ಇಬ್ಬರು ಟೈಲರುಗಳು. ನಾನು ಬೇಕೆಂದೇ ಬಸ್‌ಸ್ಟ್ಯಾಂಡಿನವನ ಹತ್ತಿರ ಹೋಗಲು ಯೋಚಿಸಿದ್ದರೆ, ನನಗೆ ಹೇಳದೆ ಸಾಕಮ್ಮ ಬಟ್ಟೆಯನ್ನು ಜಬೀವುಲ್ಲಾನಿಗೆ ಕೊಟ್ಟು ಬಂದಿದ್ದಳು. ಅಳತೆಗೆ ನಾನೇ ಹೋಗಬೇಕಾಯಿತು. ಅವನು ಟೇಪು ಹಿಡಿದು ಹೆಗಲು, ತೋಳು, ಎದೆ ಅಳೆದ. ಕುತ್ತಿಗೆಯ ಸುತ್ತ ಟೇಪು ಬಂದಾಗ ನಾನು ಗಲ್ಲ ಎತ್ತಿ ಸೂರು ನೋಡಿದೆ.

"ಪೇಪರಿನವರು ಬರ್ತಾರಂತೆ ಅಣ್ಣ?"

"ಹೂಂ."

"ಒಳ್ಳೇದು. ಚೆನ್ನಾಗಿ ಹೊಲೀತೀನಿ." ಅಳತೆ ಬರೆದುಕೊಂಡು, ತಲೆ ಎತ್ತದೆ ಹೇಳಿದ: "ನಮ್ಮ ಹುಡುಗಿ ನಿಮ್ಮ ನಲ್ಲಿ ನೀರು ಬಿಟ್ಟು ಬೇರೆ ಮುಟ್ತಿರಲಿಲ್ಲ. ಮಸೀದಿ ಬಾವಿ ನೀರು ಉಪ್ಪು ಅಂತ ಉಗೀತಿದ್ಲು. ನೀರುಗಂಟಿ ಮಾವ ಕುಡಿದು ಬಿಟ್ಟ ನೀರು ಅಂತ ದಿನಾ ಬೆಳಿಗ್ಗೆ ಮೊದಲ ಲೋಟ ಅವಳಿಗೇ ಬೇಕು."

ಅವನು ಯಾಕೆ ಹೇಳಿದ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಚುಚ್ಚುವುದಕ್ಕೇ? ನನ್ನ ಮುಖ ನೋಡುವುದಕ್ಕೇ? ಎರಡು ದಿನ ಬಿಟ್ಟು ಅಂಗಿ ಬಂದಾಗ, ಹೇಳಿದರೆ ನಾಚಿಕೆ, ಒಳಗೆ ಎಲ್ಲಾದರೂ ಸೂಜಿ ಬಿಟ್ಟಿದ್ದಾನೆಯೇ ಎಂದು ಹೊಲಿಗೆ ಹೊಲಿಗೆ ಬೆರಳಾಡಿಸಿ ಹುಡುಕಿದೆ. ಸೂಜಿ ಇರಲಿಲ್ಲ. ನಾನು ಕೇಳದಿದ್ದ ಒಂದು ಒಳಜೇಬು ಇತ್ತು. "ಕನ್ನಡಕ ಇಟ್ಕೊಳ್ಳಲಿ ಅಂತ ಹಾಕಿದಾನಂತೆ" ಎಂದಳು ಸಾಕಮ್ಮ. ಆ ಜೇಬಿನ ಮೇಲೆ ಕೈ ಇಟ್ಟುಕೊಂಡು ನಾನು ಬಹಳ ಹೊತ್ತು ಮಂಚದ ಮೇಲೆ ಕೂತಿದ್ದೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಸಂದರ್ಶನದ ಹಿಂದಿನ ಸಂಜೆ ಸಾಕಮ್ಮ ಹಿತ್ತಲಿನ ಬಟ್ಟೆಕಲ್ಲಿನ ಹತ್ತಿರ ಕೂತು ಲೋಟಕ್ಕೆ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಹದಿನೇಳು ಉತ್ತರ ಒಪ್ಪಿಸುತ್ತಿದ್ದೆ. ಹನ್ನೊಂದನೆಯದು ಬಂತು. ಹೌದು ಎಂದೆ. ಅವಳ ಕೈ ನಿಂತಿತು.

"ಇಪ್ಪತ್ತೆರಡು ವರ್ಷ ಮನೆಯಿಂದ ನೀರು ಒಯ್ಯದೋರು, ಈ ಬೇಸಗೆಯಲ್ಲಿ ಎರಡು ತಿಂಗಳು ಯಾಕ್ರೀ ಬಾವಿ ನೀರು ಬಾಟಲಿಗೆ ತುಂಬಿಸ್ಕೊಂಡು ಹೋದ್ರಿ?"

"ಸೆಕೆ ಇತ್ತಲ್ಲ" ಎಂದೆ.

"ಸೆಕೆ ಪ್ರತಿ ವರ್ಷಾನೂ ಇರುತ್ತೆ. ಮನೆಗೂ ನಲ್ಲಿ ನೀರು ಬೇಡ, ಮೇಲುಪೇಟೆ ಬಾವಿಯಿಂದ ಸೇದು ಅಂದ್ರಿ. ಸೇದಿದೆ. ನಾನೂ ಕೇಳಲಿಲ್ಲ." ಅವಳು ಮತ್ತೆ ತಿಕ್ಕತೊಡಗಿದಳು. "ಕೇಳಬೇಕಾಗಿತ್ತು."

ನಡೆದದ್ದು ಇಷ್ಟು. ಕಾಮಾಲೆ ಬರುವ ಮೊದಲೇ, ಸಂಪಿನ ಗೋಡೆಯ ಮಗ್ಗುಲಲ್ಲಿ ಒಂದು ಹೊಸ ಚರಂಡಿ ತೋಡಿದ್ದರು. ಒಂದು ಬೆಳಿಗ್ಗೆ ಲೋಟ ಬಾಯಿಯ ಹತ್ತಿರ ತಂದರೆ ಮೂಗಿಗೆ ಚರಂಡಿ ಬಡಿಯಿತು. ಬಹಳ ಸಣ್ಣ ವಾಸನೆ, ಬೇರೆ ಯಾರಿಗೂ ಸಿಕ್ಕುತ್ತಿರಲಿಲ್ಲ. ಇಂಜಿನಿಯರಿಗೆ ಹೇಳಿದೆ. "ಇನ್ನೆರಡು ಹಿಡಿ ಪುಡಿ ಹಾಕಯ್ಯಾ, ವಾಸನೆ ಸಾಯುತ್ತೆ" ಎಂದ. ಹಾಕಿದೆ. ವಾಸನೆ ಸತ್ತಿತು, ನನ್ನ ಅನುಮಾನ ಸಾಯಲಿಲ್ಲ. ಲೋಟದ ನೀರನ್ನು ನೆಲಕ್ಕೆ ಚೆಲ್ಲಿ, ಲೋಟವನ್ನು ಗೂಟಕ್ಕೆ ಬೋರಲು ಹಾಕಿ, ವಾಲ್ವು ತಿರುಗಿಸಿದೆ. ಮರುದಿನವೂ ತಿರುಗಿಸಿದೆ. ಜೀವಮಾನವೆಲ್ಲ ಕಂಡಕಂಡವರನ್ನು ಅನುಮಾನಿಸಿದ ನಾನು, ಅನುಮಾನ ನಿಜವಾದ ಒಂದೇ ಒಂದು ಸಲ, ನನ್ನ ಹೊಟ್ಟೆಯನ್ನು ಮಾತ್ರ ಕಾಪಾಡಿಕೊಂಡಿದ್ದೆ.

ರೋಗದ ಗದ್ದಲವೆದ್ದ ಮೇಲೆ ಪುಡಿ ಇನ್ನಷ್ಟು ಸುರಿಸಿದರು, ಸಂಪಿನ ಹೊರಗೋಡೆಗೆ ಸುಣ್ಣ ಬಳಿಸಿದರು. ಒಳಗಿಳಿದು ನೋಡಿದವರು ಯಾರೂ ಇರಲಿಲ್ಲ. ನಾಳೆ ಪತ್ರಿಕೆಯವರೆದುರು ಒಂದು ಲೋಟ ಕುಡಿಯುತ್ತೇನೆ, ಏನಾದರೂ ಆದರೆ ನನಗೇ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅದನ್ನೇ ಒಂದು ಪ್ರಾಯಶ್ಚಿತ್ತ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಸಾಹೇಬರು, ಫೋಟೋದವನು, ಎಲ್ಲರೂ ಹತ್ತು ಗಂಟೆಗೆ ಬರುವುದು ಎಂದು ಗೊತ್ತಾಗಿತ್ತು. ಪಾಂಡುರಂಗಯ್ಯ ಒಂಬತ್ತಕ್ಕೇ ಬಂದು, ಪಂಪ್‌ಹೌಸಿನ ಹಿಂದಿನ ಕಿಟಕಿಯ ಆಚೆ ಒಂದು ಖಾಲಿ ಡ್ರಮ್ಮಿನ ಮೇಲೆ ಕೂತರು. ನಾನು ಮರೆತರೆ ಮೆಲ್ಲಗೆ ಸಾಲು ಎತ್ತಿಕೊಡುವುದು ಅವರ ಉಪಾಯ. ನಾಟಕದಲ್ಲಿ ಸೈಡ್‌ವಿಂಗಿನಿಂದ ಮಾಡುವ ಹಾಗೆ. ನಾನು ಹೊಸ ಅಂಗಿ ತೊಟ್ಟು ಸ್ಟೂಲಿನ ಮೇಲೆ ಕೂತೆ. ಗೂಟದ ಮೇಲೆ ಲೋಟ ಬಂಗಾರದ ಹಾಗೆ ಹೊಳೆಯುತ್ತಿತ್ತು.

ವರದಿಗಾರ್ತಿ ಹೇಳಿದ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲೇ, ಒಬ್ಬಳೇ, ನಡೆದುಕೊಂಡು ಬಂದಳು. ಹೆಸರು ವನಮಾಲಾ ಎಂದಳು. ನಮ್ಮ ಪಾಂಡುರಂಗಯ್ಯ ಅಭಿನಯಿಸಿ ತೋರಿಸಿದ ವರದಿಗಾರ್ತಿಗೂ ಇವಳಿಗೂ ಯಾವ ಹೋಲಿಕೆಯೂ ಇರಲಿಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು, ಚಪ್ಪಲಿಯ ತುಂಬ ಧೂಳು. ಮೊದಲೇ ಯಾಕೆ ಬಂದಳು, ಕಾಗದ ಪೆನ್ನು ಯಾಕೆ ತೆಗೆಯುತ್ತಿಲ್ಲ ಎಂದು ನನ್ನ ತಲೆ ಆಗಲೇ ಓಡುತ್ತಿತ್ತು.

"ಬಸ್ಸು ಬೇಗ ಬಂತು. ಕೆಳಪೇಟೆಯಿಂದ ನಡೆದೇ ಬಂದೆ" ಎಂದು ಉಸಿರು ಬಿಟ್ಟು, ಸುತ್ತ ನೋಡಿ, ಗೂಟದಿಂದ ಲೋಟ ತೆಗೆದುಕೊಂಡಳು. "ಮೊದಲು ಒಂದು ಲೋಟ ನೀರು ಕುಡಿದುಬಿಡ್ತೀನಿ, ಆಮೇಲೆ ಮಾತಾಡೋಣ." ನಲ್ಲಿ ತಿರುಗಿಸಿದಳು. ಲೋಟ ತುಂಬಿತು.

ಹಿಂದಿನ ಕಿಟಕಿಯಿಂದ ಪಿಸುದನಿ ಬಂತು: "ನಮ್ಮೂರ ನೀರು..."

ಅವಳು ಲೋಟ ಎತ್ತಿದಳು. ಬಾಯಾರಿದವರು ಎತ್ತುವ ಹಾಗೆ, ಎರಡೂ ಕೈಯಲ್ಲಿ. ನಾನು ಸುಮ್ಮನಿದ್ದೇನೆಂದು, ಸಾಲು ಮರೆತೆನೆಂದು, ಪಾಂಡುರಂಗಯ್ಯ ಇನ್ನೂ ಸ್ವಲ್ಪ ಜೋರಾಗಿ ಎತ್ತಿಕೊಟ್ಟರು: "ನಮ್ಮೂರ ನೀರು ತಾಯಿಯ..."

ನಾನು ಯಾವಾಗ ಎದ್ದೆನೋ ತಿಳಿಯದು. ಸ್ಟೂಲು ಉರುಳಿದ ಸದ್ದು ಕೇಳಿತು. ನನ್ನ ಕೈ ಅವಳ ಕೈಯ ಮೇಲಿತ್ತು, ನೀರು ನನ್ನ ಹೊಸ ಅಂಗಿಯ ಮೇಲೆಲ್ಲ ಚೆಲ್ಲಿತ್ತು.

"ಬೇಡಮ್ಮ. ಅದನ್ನ ಕುಡೀಬೇಡ."

ಕಿಟಕಿ ಸುಮ್ಮನಾಯಿತು.

ಅವಳು ನನ್ನನ್ನೇ ನೋಡಿದಳು. ಹದಿನೇಳರಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು: "ಯಾಕೆ?"

ಅದಕ್ಕೆ ನನ್ನ ಹತ್ತಿರ ತಯಾರು ಮಾಡಿದ ಉತ್ತರವಿರಲಿಲ್ಲ. ಅದಕ್ಕೇ ನಿಜ ಹೇಳಿದೆ. ನೆಲದ ಮೇಲೆ ಕೂತು ಹೇಳಿದೆ. ಚರಂಡಿ, ವಾಸನೆ, ಎರಡು ಹಿಡಿ ಪುಡಿ, ಬಾವಿಯ ನೀರು ತುಂಬಿದ ಬಾಟಲಿ, ಕಿಲುಬು. ಕೊನೆಗೆ ನಸೀಮಾಳ ಹೆಸರು ಹೇಳುವಾಗ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಚೀಲದಿಂದ ಪುಸ್ತಕ ತೆಗೆದು, "ಮೊದಲಿಂದ ಹೇಳಿ. ಮೆಲ್ಲಗೆ" ಎಂದಳು. ಹತ್ತು ಗಂಟೆಗೆ ಸಾಹೇಬರು ಹೂವಿನ ಹಾರ ಹಿಡಿಸಿಕೊಂಡು ಬಂದಾಗ ಅವಳು ಏಳನೆಯ ಪುಟದಲ್ಲಿದ್ದಳು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಸಂಪು ಖಾಲಿ ಮಾಡಿಸಿ ನೋಡಿದರು. ಚರಂಡಿಯ ಕಡೆಯ ಗೋಡೆಯಲ್ಲಿ ಅಂಗೈ ಉದ್ದದ ಬಿರುಕು ಇತ್ತು. ಇಂಜಿನಿಯರನ್ನು ಕೆಲಸದಿಂದ ತೆಗೆದರು, ಸಾಹೇಬರಿಗೆ ವರ್ಗವಾಯಿತು, ನನ್ನ ಕೆಲಸ ಮನೆ ಎರಡೂ ಹೋದವು. ಹೋದದ್ದು ಸರಿಯೇ. ವಿಚಾರಣೆಯ ದಿನ ಸಾಹೇಬರ ಕಡತದಲ್ಲಿದ್ದ ಪ್ರಶ್ನೆಗಳ ಪಟ್ಟಿಯನ್ನು ಓದಿದರು. ಅದರಲ್ಲಿ ಹದಿನಾರೇ ಇದ್ದವು. ಹನ್ನೊಂದನೆಯದನ್ನು ಪಾಂಡುರಂಗಯ್ಯ ತಾವಾಗಿಯೇ ಸೇರಿಸಿದ್ದರು. ನನ್ನನ್ನು ಹಿಡಿಯಲು ಸೇರಿಸಿದರೋ, ಎಚ್ಚರಿಸಲು ಸೇರಿಸಿದರೋ, ಕೇಳಬೇಕೆಂದು ಹಲವು ಸಲ ಅವರ ಬೀದಿಯವರೆಗೆ ಹೋಗಿದ್ದೇನೆ. ಕೇಳುವ ಮೊದಲೇ ಅವರು ತೀರಿಕೊಂಡರು.

ಸಂಪು ಹೊಸದಾಗಿ ಕಟ್ಟಿದರು. ಚರಂಡಿಯನ್ನು ದೂರ ಸರಿಸಿದರು, ದೊಡ್ಡ ಊರಿನಿಂದ ನೀರು ಪರೀಕ್ಷೆ ಮಾಡಿಸಿ ಕಾಗದ ತರಿಸಿ ಪುರಸಭೆಯ ಬಾಗಿಲಿಗೆ ಅಂಟಿಸಿದರು. ಆದರೂ ಕೆಳಪೇಟೆಯವರು ನಲ್ಲಿಗೆ ಬಿಂದಿಗೆ ಇಡಲಿಲ್ಲ. ಒಂದು ಮಧ್ಯಾಹ್ನ ಜಬೀವುಲ್ಲಾ ನಮ್ಮ ಬಾಡಿಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಪತ್ರಿಕೆಯಲ್ಲಿ ಎಲ್ಲ ಬಂದ ಮೇಲೆ ನಾನು ಅವನ ಅಂಗಡಿಗೆ ಹೋಗಿದ್ದೆ. ಅಂದು ಅವನು ಮಿಷನ್ ತುಳಿಯುವುದನ್ನು ನಿಲ್ಲಿಸಿರಲಿಲ್ಲ, ತಲೆ ಎತ್ತಿರಲೂ ಇಲ್ಲ. ಈಗಲೂ ಒಳಗೆ ಬರಲಿಲ್ಲ.

"ನಾಳೆಯಿಂದ ನೀವು ಬಂದು ಕುಡೀಬೇಕಂತೆ. ಕೆಳಪೇಟೆಯೋರು ಹೇಳಿದಾರೆ."

"ಹೊಸ ನೀರುಗಂಟಿ ಇದಾನಲ್ಲಪ್ಪ?"

"ಅವನ ಮೂಗು ನಮಗೆ ಗೊತ್ತಿಲ್ಲ. ನಿಮ್ದು ಗೊತ್ತು." ಹೊರಡಲು ತಿರುಗಿದವನು ಹೇಳಿದ: "ನಾನು ನಿಂತು ನೋಡ್ತೀನಿ."

ಮರುದಿನ ಬೆಳಿಗ್ಗೆ ಹೋದೆ. ಹೊಸಬ ಪುಡಿ ಕಲಸಿ ಗಂಟೆ ಕಾದಿದ್ದ. ಜಬೀವುಲ್ಲಾ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದ. ನಾನು ಗೂಟದಿಂದ ಲೋಟ ತೆಗೆದು, ನೀರು ಹಿಡಿದು, ಮೂಸಿ, ಅವನಿಗೆ ಕಾಣುವ ಹಾಗೆ ಬಾಗಿಲಿಗೆ ಬಂದು ಕುಡಿದೆ. ಪೂರ್ತಿ ಕುಡಿದೆನೇ ಎಂದು ಅವನು ನೋಡಿದ. ಲೋಟ ಬೋರಲು ಮಾಡಿ ತೋರಿಸಿದೆ. ಅವನು ತಿರುಗಿ ಹೋದ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಆ ಮನುಷ್ಯನ ಕಣ್ಣಿನಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಯೇ. ನನ್ನ ಅನುಮಾನವನ್ನು ಅವನು ಹೊತ್ತುಕೊಂಡಿದ್ದ. ಹೊರಲು ಅವನಿಗೆ ಕಾರಣವಿತ್ತು.

ಹೀಗೆ ಎರಡು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ಅವನು ಬರಲಿಲ್ಲ.

ನಾನು ತುಂಬಿದ ಲೋಟ ಹಿಡಿದು ಬಾಗಿಲಲ್ಲಿ ನಿಂತೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಹುಷಾರಿಲ್ಲವೋ, ಬೇಸತ್ತನೋ, ಇನ್ನು ನೋಡುವುದು ಬೇಡ ಎಂದುಕೊಂಡನೋ. ಹೊಸಬ ವಾಲ್ವಿನ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದ. "ಬಿಡಲಾ ಅಣ್ಣ? ಇವತ್ತು ನೋಡೋರು ಯಾರೂ ಇಲ್ಲವಲ್ಲ" ಎಂದ.

"ತಡಿ" ಎಂದೆ.

ಕೊನೆಯ ಗುಟುಕಿನವರೆಗೂ ಕುಡಿದು, ಖಾಲಿ ಗೇಟಿನ ಕಡೆಗೆ ಲೋಟವನ್ನು ಬೋರಲು ಮಾಡಿ ಹಿಡಿದೆ. ಅದರ ಬಾಯಿಂದ ಒಂದು ಹನಿ ಬಿತ್ತು. ಆಮೇಲೆ ಅದನ್ನು ಗೂಟಕ್ಕೆ ಹಾಕಿ, ಊರಿಗೆ ನೀರು ಬಿಡಲು ಹೇಳಿದೆ.